ಒಡಹುಟ್ಟಿದವಳ ಹೆಸರಿನಲ್ಲಿ ಬಾಳಿದ ಬಳ್ಳಿ

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: "ನಿಮ್ಮಲ್ಲಿ ಬೋರ್ಡೋ ಹೊಡೆದಾಯ್ತಾ?" ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಕಲಸಿ, ಆಳನ್ನು ಮರ ಹತ್ತಿಸಿ, ಕೊನೆಕೊನೆಗೂ ಸಿಂಪಡಿಸದಿದ್ದರೆ ಕೊಳೆರೋಗ ಬಂದು ಎಳೆ ಅಡಿಕೆಯೆಲ್ಲ ನೆಲದ ಪಾಲು. ಆ ನೀಲಿ ಕಲೆ ಹತ್ತಿದ ಪಂಚೆ, ಬನಿಯನ್ನುಗಳನ್ನು ಒಗೆದು ಒಗೆದು ಸಾಕಾದ ನಮ್ಮ ಸೋದರಿಯರಿಗೆ ಈ ಹೆಸರು ಹೊಸದೇನಲ್ಲ. ಆದರೆ ಬೋರ್ಡೋ ಅನ್ನೋದು ಔಷಧಿಯ ಹೆಸರಲ್ಲ, ಒಂದು ಊರಿನ ಹೆಸರು ಅಂತ ಎಷ್ಟು ಜನಕ್ಕೆ ಗೊತ್ತು?

ಫ್ರಾನ್ಸ್ ದೇಶದ ನೈಋತ್ಯ ಮೂಲೆಯಲ್ಲಿ, ಗಾರೋನ್ ನದಿಯ ದಂಡೆಯ ಮೇಲೆ ಆ ಊರಿದೆ. ಸುತ್ತಮುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ. ದಾರಿಯಲ್ಲಿ ಹೋಗುವವರು ಹಣ್ಣು ಕದಿಯದಿರಲಿ ಅಂತ ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರು. ವಿಷವೋ ಏನೋ ಅಂತ ಹೆದರಿ ಕಳ್ಳರು ಮುಟ್ಟುತ್ತಿರಲಿಲ್ಲ. 1882ರಲ್ಲಿ ಮಿಯಾರ್ದೆ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಆ ದಾರಿಯಾಗಿ ಹೋಗುವಾಗ ನೋಡುತ್ತಾರೆ, ಒಳಗಿನ ಬಳ್ಳಿಗಳೆಲ್ಲ ಬೂಜುರೋಗ ಹತ್ತಿ ಎಲೆ ಉದುರಿಸಿವೆ, ರಸ್ತೆ ಬದಿಯವು ಮಾತ್ರ ಹಸಿರಾಗಿವೆ! ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಅವರು ಪ್ರಕಟಿಸಿದ್ದೇ ಬೋರ್ಡೋ ದ್ರಾವಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರ ಸುಮಾರಿಗೆ ಅಡಿಕೆಯ ಕೊಳೆರೋಗಕ್ಕೆ ಇದನ್ನೇ ಹೇಳಿಕೊಟ್ಟರು. ದ್ರಾಕ್ಷಿಗೆ ಹುಟ್ಟಿದ ಮದ್ದು ಹೀಗೆ ನಮ್ಮ ಅಡಿಕೆಯ ತಲೆ ಕಾಯಿತು.

ಇಷ್ಟೆಲ್ಲ ಹೇಳಿದ್ದು ಆ ಊರಿಗೂ ನಮಗೂ ಇರುವ ನಂಟು ತಿಳಿಯಲಿ ಅಂತ. ಈಗ ಹೇಳಹೊರಟಿರುವುದು ಅದೇ ಬೋರ್ಡೋ ಸೀಮೆಯಲ್ಲಿ ಹುಟ್ಟಿ, ಅಲ್ಲಿ ಬೇಡವಾಗಿ, ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ ಬೇರೆಯವಳ ಹೆಸರಿನಲ್ಲಿ ಸುಮಾರು ನೂರನಲವತ್ತು ವರ್ಷ ಬಾಳಿದ ಒಂದು ಕೆಂಪು ದ್ರಾಕ್ಷಿ ಬಳ್ಳಿಯ ಕಥೆ. ಅದರ ಹೆಸರು ಕಾರ್ಮೆನೇರ್. ವೈನ್ ಮಾಡುವ ದ್ರಾಕ್ಷಿ. ವೈನ್ ಎಂದ ಕೂಡಲೇ ಹುಬ್ಬು ಗಂಟಿಕ್ಕಬೇಡಿ! ಕುಡಿಯಿರಿ ಅಂತ ಯಾರೂ ಹೇಳುತ್ತಿಲ್ಲ. ಇದು ಬಳ್ಳಿಯ ಬಾಳಿನ ಕಥೆ. ಓದುತ್ತಾ ಹೋದರೆ ನಿಮಗೆ ಗೊತ್ತಿರುವ ಯಾರದೋ ನೆನಪು ಬಂದರೆ ಅದಕ್ಕೆ ನಾನು ಹೊಣೆಯಲ್ಲ.

ಹೂ ಬಿಟ್ಟರೂ ಕಾಯಿ ಕಚ್ಚದು

ಬೋರ್ಡೋದ ಕೆಂಪು ವೈನ್ ಒಂದೇ ಜಾತಿಯ ದ್ರಾಕ್ಷಿಯಿಂದ ಆಗುವುದಲ್ಲ. ನಮ್ಮ ಸಾರಿನ ಪುಡಿಗೆ ಕೊತ್ತಂಬರಿ, ಮೆಣಸು, ಜೀರಿಗೆ, ಮೆಂತ್ಯ ಎಲ್ಲ ಅವುಗಳ ಹದದಲ್ಲಿ ಸೇರುವ ಹಾಗೆ, ಅಲ್ಲಿ ನಾಲ್ಕಾರು ಜಾತಿಯ ರಸಗಳನ್ನು ಬೆರೆಸುತ್ತಾರೆ. ಹಿಂದಿನಿಂದ ನಡೆದು ಬಂದ ಕೆಂಪು ಜಾತಿಗಳು ಆರು. ಕ್ಯಾಬರ್ನೆ ಸೊವಿನ್ಯೋನ್, ಮೆರ್ಲೋ, ಕ್ಯಾಬರ್ನೆ ಫ್ರಾಂ, ಪೆತಿ ವೆರ್ದೋ, ಮಾಲ್ಬೆಕ್ ಇವು ಐದು. ಆರನೆಯವಳೇ ನಮ್ಮ ಕಥಾನಾಯಕಿ. ಮೊದಲೆರಡು ಹೆಸರುಗಳನ್ನು ಜಗತ್ತೆಲ್ಲ ಬಲ್ಲದು. ಆರನೆಯದನ್ನು ಫ್ರಾನ್ಸಿನವರಲ್ಲೇ ಎಷ್ಟೋ ಮಂದಿ ಕೇಳಿಲ್ಲ.

ಕಾರ್ಮಿನ್ ಎಂದರೆ ಅವರ ಭಾಷೆಯಲ್ಲಿ ಕಡುಗೆಂಪು, ನಮ್ಮ ಕುಂಕುಮದ ಕೆಂಪು ಅನ್ನಿ. ಸುಗ್ಗಿ ಮುಗಿದು ಎಲೆ ಉದುರುವ ಕಾಲ ಬಂದಾಗ ಬೇರೆ ಬಳ್ಳಿಗಳೆಲ್ಲ ಹಳದಿಗೆ ತಿರುಗಿದರೆ ಇದು ಮಾತ್ರ ಉರಿಯುವ ಕೆಂಪಾಗಿ ನಿಲ್ಲುತ್ತದಂತೆ. ಅದರಿಂದಲೇ ಆ ಹೆಸರು. ಹದಿನೆಂಟನೆಯ ಶತಮಾನದಲ್ಲಿ ಬೋರ್ಡೋದ ಮೆಡಾಕ್ ಪ್ರದೇಶದಲ್ಲಿ ಇದಕ್ಕೆ ಒಳ್ಳೆಯ ಮರ್ಯಾದೆಯೇ ಇತ್ತು. ವೈನಿಗೆ ಗಾಢವಾದ ಬಣ್ಣ ಕೊಡುತ್ತದೆ, ನಾಲಿಗೆಗೆ ಒರಟಾಗುವುದಿಲ್ಲ, ಮೆಣಸಿನ ಘಮ ಕೊಡುತ್ತದೆ ಅಂತ ತೋಟದ ಯಜಮಾನರು ಬಾಯ್ತುಂಬ ಹೊಗಳುತ್ತಿದ್ದರು.

ಆದರೆ ಒಂದು ಕೊರತೆ. ದ್ರಾಕ್ಷಿಯ ಹೂ ಕಣ್ಣಿಗೆ ಕಾಣದಷ್ಟು ಚಿಕ್ಕದು, ಹಸಿರು ಬಣ್ಣದ್ದು. ಬೋರ್ಡೋದಲ್ಲಿ ಜೂನ್ ತಿಂಗಳ ಹೊತ್ತಿಗೆ ಬಳ್ಳಿ ಹೂವಾಗುತ್ತದೆ. ಆ ಹತ್ತು ಹನ್ನೆರಡು ದಿನ ಬಿಸಿಲು ಕಾದು ಗಾಳಿ ಒಣಗಿದ್ದರೆ ಹೂ ಕಾಯಾಗಿ ನಿಲ್ಲುತ್ತದೆ. ಅದೇ ಹೊತ್ತಿಗೆ ಅಟ್ಲಾಂಟಿಕ್ ಸಮುದ್ರದ ಕಡೆಯಿಂದ ತಣ್ಣನೆಯ ಮಳೆ ಹೊಡೆಯಿತೋ, ಪರಾಗ ಕೂಡದೆ ಹೂವೆಲ್ಲ ಉದುರಿಹೋಗುತ್ತದೆ. ಗೊಂಚಲಿನ ಕಡ್ಡಿ ಉಳಿಯುತ್ತದೆ, ಅಲ್ಲೊಂದು ಇಲ್ಲೊಂದು ಕಾಯಿ. ಫ್ರೆಂಚರು ಇದಕ್ಕೆ ಕುಲೂರ್ ಅಂತಾರೆ. ಎಲ್ಲ ದ್ರಾಕ್ಷಿಗೂ ಇದು ಅಷ್ಟಿಷ್ಟು ಉಂಟು. ಕಾರ್ಮೆನೇರಿಗೆ ವಿಪರೀತ. ಒಂದು ವರ್ಷ ಬುಟ್ಟಿ ತುಂಬ ಕೊಟ್ಟರೆ ಮರುವರ್ಷ ಬೊಗಸೆಯಷ್ಟೂ ಇಲ್ಲ.

ಕಾಯಿ ಬಿಡದ ಹಲಸಿನ ಮರದ ಕಾಂಡಕ್ಕೆ ಕತ್ತಿಯಿಂದ ಕಚ್ಚು ಹಾಕಿ ಹೆದರಿಸುವ ಪದ್ಧತಿ ನಮ್ಮ ತೋಟಗಳಲ್ಲೂ ಉಂಟು. ಮಳೆ ಯಾವಾಗ ಬಂತು, ನೆಲದಲ್ಲಿ ಏನಿದೆ ಅಂತ ಯಾರೂ ಕೇಳುವುದಿಲ್ಲ, ಮರವನ್ನೇ ಬೈಯುತ್ತಾರೆ. ಅಲ್ಲೂ ಹಾಗೇ ಆಯಿತು. ಬಳ್ಳಿಯೇ ಸರಿಯಿಲ್ಲ, ನಂಬಿ ಸಂಸಾರ ಮಾಡುವ ಹಾಗಿಲ್ಲ ಅಂತ ಕಾರ್ಮೆನೇರಿಗೆ ಹೆಸರು ಬಂತು. ಇದಕ್ಕೆ ನಮ್ಮ ಭಾಷೆಯಲ್ಲಿ ಒಂದು ಪದವಿದೆ. ಬರೆಯಲು ಮನಸ್ಸಿಲ್ಲ, ನಿಮಗೆ ಗೊತ್ತೇ ಇದೆ.

ಬೇರು ತಿನ್ನುವ ಮಾರಿ

ಹಾಗಿದ್ದರೂ ಹಳೆಯ ತೋಟಗಳಲ್ಲಿ ಅದು ಹೇಗೋ ಉಳಿದಿತ್ತು. ಇದ್ದ ಬಳ್ಳಿಯನ್ನು ಕೀಳಲು ಯಾರಿಗೂ ಕೈ ಬರುವುದಿಲ್ಲ. 1860ರ ದಶಕದಲ್ಲಿ ಬಂತು ನೋಡಿ ಮಾರಿ. ಫಿಲಾಕ್ಸೆರಾ ಅಂತ ಒಂದು ಹೇನಿನಂಥ ಹಳದಿ ಹುಳು, ಸಾಸಿವೆಗಿಂತ ಚಿಕ್ಕದು. ಅಮೆರಿಕದಿಂದ ಹಡಗಿನಲ್ಲಿ ತರಿಸಿದ ದ್ರಾಕ್ಷಿ ಸಸಿಗಳ ಬೇರಿಗೆ ಅಂಟಿಕೊಂಡು ಬಂದದ್ದು. ಅಮೆರಿಕದ ಕಾಡುದ್ರಾಕ್ಷಿಗೆ ಅದರ ಕಾಟ ರೂಢಿ, ಬೇರು ಗಟ್ಟಿ, ತಡೆದುಕೊಳ್ಳುತ್ತದೆ. ಯುರೋಪಿನ ದ್ರಾಕ್ಷಿಗೆ ಅದು ಯಮ. ಚೆನ್ನಾಗಿದ್ದ ಬಳ್ಳಿ ಎರಡು ಮೂರು ವರ್ಷದಲ್ಲಿ ಸೊರಗಿ ಸೌದೆಯಾಗುತ್ತಿತ್ತು. ಕಿತ್ತು ನೋಡಿದರೆ ಬೇರೇ ಇಲ್ಲ. ಯಾವ ರೋಗ ಅಂತಲೇ ಯಾರಿಗೂ ತಿಳಿಯಲಿಲ್ಲ. 1868ರಲ್ಲಿ ಪ್ಲಾಂಶೋನ್ ಎಂಬ ವಿಜ್ಞಾನಿ, ಸತ್ತ ಬಳ್ಳಿಯನ್ನು ಬಿಟ್ಟು ಪಕ್ಕದಲ್ಲಿ ಚೆನ್ನಾಗಿ ಕಾಣುತ್ತಿದ್ದ ಬಳ್ಳಿಯ ಬೇರನ್ನು ಕೀಳಿಸಿ ನೋಡಿದಾಗ ಹುಳುಗಳು ಸಿಕ್ಕವು. ಸತ್ತ ಬೇರಿನಲ್ಲಿ ಅವಕ್ಕೇನು ಕೆಲಸ? ಊಟ ಮುಗಿಸಿ ಮುಂದಿನ ಮನೆಗೆ ಹೋಗಿರುತ್ತಿದ್ದವು.

ಪರಿಹಾರ ಹೇಳಿದವರಿಗೆ ಫ್ರಾನ್ಸ್ ಸರ್ಕಾರ 1870ರಲ್ಲಿ 20,000 ಫ್ರಾಂಕ್ ಬಹುಮಾನ ಸಾರಿತು, 1874ರಲ್ಲಿ ಅದನ್ನು 3,00,000ಕ್ಕೆ ಏರಿಸಿತು. ಜನ ಏನೇನೋ ಮಾಡಿದರು. ಬಳ್ಳಿಯ ಬುಡದಲ್ಲಿ ಜೀವಂತ ಕಪ್ಪೆ ಹೂತವರೂ ಇದ್ದರಂತೆ, ಪಾಪ! ತೋಟಕ್ಕೆ ನೀರು ಕಟ್ಟಿ ಹುಳು ಮುಳುಗಿಸಲು ನೋಡಿದರು, ನೆಲಕ್ಕೆ ದುರ್ವಾಸನೆಯ ರಾಸಾಯನಿಕ ಚುಚ್ಚಿದರು. ಕೊನೆಗೆ ಕೈಹಿಡಿದದ್ದು ಕಸಿ. ಶತ್ರುವನ್ನು ತಂದ ಅಮೆರಿಕದ ಬಳ್ಳಿಯ ಬೇರಿನ ಮೇಲೆಯೇ ಫ್ರಾನ್ಸಿನ ಬಳ್ಳಿಯ ಕಡ್ಡಿ ಕಟ್ಟುವುದು. ಆ ಬಹುಮಾನ ಮಾತ್ರ ಯಾರಿಗೂ ಸಿಗಲಿಲ್ಲ. ಇಂದು ನಮ್ಮ ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು ಡಾಗ್ರಿಡ್ಜ್ ಎಂಬ ಬೇರುಗಿಡ ನೆಟ್ಟು ಅದರ ಮೇಲೆ ಕಸಿ ಕಟ್ಟುತ್ತಾರಲ್ಲ, ಅದೂ ಅಮೆರಿಕದ ಕುಲದ್ದೇ. ಅಲ್ಲಿ ಹುಳುವಿಗಾಗಿ ಅಲ್ಲ, ಉಪ್ಪು ನೀರು, ಬರ ತಡೆಯಲಿ ಅಂತ. ನಾವು ಜ್ಯೂಸ್ ಮಾಡುವ ಬೆಂಗಳೂರು ನೀಲಿ ದ್ರಾಕ್ಷಿಯಲ್ಲೂ ಅಮೆರಿಕದ ರಕ್ತ ಬೆರೆತಿದೆ. ಅದರ ಆ ವಿಶಿಷ್ಟ ವಾಸನೆ ಬಂದದ್ದು ಆ ಕಡೆಯಿಂದಲೇ.

ಕಸಿ ಎಂದರೆ ಖರ್ಚು. ತೋಟವನ್ನೆಲ್ಲ ಅಗೆದು, ಬೇರುಗಿಡ ಕೊಂಡು, ಕಸಿ ಕಟ್ಟಿಸಿ, ಮೂರು ನಾಲ್ಕು ವರ್ಷ ಫಸಲಿಲ್ಲದೆ ಕಾಯಬೇಕು. ಸಾಲ ಮಾಡಿ ಹೊಸದಾಗಿ ನೆಡುವವನು ಯಾವುದನ್ನು ನೆಡುತ್ತಾನೆ ಹೇಳಿ? ವರ್ಷವರ್ಷ ಗೊಂಚಲು ತುಂಬುವ ಮೆರ್ಲೋ, ಕ್ಯಾಬರ್ನೆಗಳನ್ನೇ. ಕಾರ್ಮೆನೇರನ್ನು ಯಾರೂ ಮನೆ ತುಂಬಿಸಿಕೊಳ್ಳಲಿಲ್ಲ. ಆ ರೈತರನ್ನು ಬೈಯಲು ನನಗೆ ಬಾಯಿ ಬಾರದು. ಅವರ ಮನೆಯಲ್ಲೂ ಒಲೆ ಉರಿಯಬೇಕಿತ್ತಲ್ಲ. ಆದರೂ ನೂರಾರು ವರ್ಷ ಬಣ್ಣ ಕೊಟ್ಟವಳನ್ನು ಒಂದು ಮೂಲೆಯಲ್ಲಾದರೂ ಇಟ್ಟುಕೊಳ್ಳಬಹುದಿತ್ತು ಅನ್ನಿಸದಿರುವುದಿಲ್ಲ. ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ಬೋರ್ಡೋದಲ್ಲಿ ಕಾರ್ಮೆನೇರ್ ಹೆಚ್ಚುಕಡಿಮೆ ಇಲ್ಲವಾಗಿತ್ತು. ಪುಸ್ತಕದಲ್ಲಿ ಹೆಸರು ಉಳಿಯಿತು, ಸಂಶೋಧಕರ ಸಂಗ್ರಹದಲ್ಲಿ ನಾಲ್ಕಾರು ಬಳ್ಳಿ ಉಳಿದವು, ಅಷ್ಟೇ.

ಹಡಗು ಹತ್ತಿ ಹೋದ ಕಡ್ಡಿಗಳು

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಹುಳು ಬರುವುದಕ್ಕೆ ಹತ್ತು ಹನ್ನೆರಡು ವರ್ಷ ಮೊದಲು, 1850ರ ದಶಕದಲ್ಲಿ, ದಕ್ಷಿಣ ಅಮೆರಿಕದ ಚಿಲಿ ದೇಶದ ಶ್ರೀಮಂತರಿಗೆ ಫ್ರಾನ್ಸಿನ ಹುಚ್ಚು ಹಿಡಿದಿತ್ತು. ಬೆಳ್ಳಿ ತಾಮ್ರದ ಗಣಿಗಳಿಂದ ಕೈತುಂಬ ಹಣ. ಫ್ರೆಂಚ್ ಮಾದರಿಯ ಬಂಗಲೆ, ಫ್ರೆಂಚ್ ಉಡುಪು, ಅದರ ಜೊತೆಗೆ ಫ್ರೆಂಚ್ ದ್ರಾಕ್ಷಿ ತೋಟವೂ ಬೇಡವೇ? ಸಿಲ್ವೆಸ್ತ್ರೆ ಓಚಗಾವಿಯಾ ಎಂಬಾತ 1851ರಲ್ಲಿ ಬೋರ್ಡೋ ಕಡೆಯ ಬಳ್ಳಿಗಳನ್ನು ತರಿಸಿ ನೆಟ್ಟ. ಉಳಿದವರೂ ಹಿಂಬಾಲಿಸಿದರು. ಹಾಗೆ ಹಡಗೇರಿದ ಕಡ್ಡಿಗಳ ಕಂತೆಯಲ್ಲಿ ಮೆರ್ಲೋ ಜೊತೆ ಕಾರ್ಮೆನೇರೂ ಇತ್ತು. ಯಾವ ಕಡ್ಡಿ ಯಾವುದು ಅಂತ ಚೀಟಿ ಕಟ್ಟಿಡುವ ಕಾಲ ಅದಲ್ಲ.

ಚಿಲಿ ಅನ್ನೋದು ವಿಚಿತ್ರವಾದ ದೇಶ. ಭೂಪಟದಲ್ಲಿ ನೋಡಿ, ಒಂದು ಸೀರೆಯ ಅಂಚನ್ನು ಹರಿದು ಉದ್ದಕ್ಕೆ ಹಾಸಿದ ಹಾಗಿದೆ. ಪೂರ್ವಕ್ಕೆ ಆಂಡೀಸ್ ಹಿಮಪರ್ವತ, ಪಶ್ಚಿಮಕ್ಕೆ ಪೆಸಿಫಿಕ್ ಸಾಗರ, ಉತ್ತರಕ್ಕೆ ಅಟಕಾಮಾ ಮರುಭೂಮಿ, ದಕ್ಷಿಣಕ್ಕೆ ಹಿಮದ ನಾಡು. ನಾಲ್ಕೂ ಕಡೆ ಕೋಟೆ. ಲೋಕವನ್ನೆಲ್ಲ ಸುತ್ತಿದ ಆ ಬೇರು ತಿನ್ನುವ ಹುಳು ಚಿಲಿಯ ತೋಟಗಳಿಗೆ ಬರಲೇ ಇಲ್ಲ. ಆದ್ದರಿಂದ ಅಲ್ಲಿನ ಹಳೆಯ ಬಳ್ಳಿಗಳಿಗೆ ಕಸಿಯೇ ಇಲ್ಲ, ತಮ್ಮ ಸ್ವಂತ ಬೇರಿನ ಮೇಲೆ ನಿಂತಿವೆ.

ಇನ್ನೂ ಒಂದು ಸಂಗತಿ. ಅಲ್ಲಿ ನವೆಂಬರಿನಲ್ಲಿ ಹೂ ಬಿಡುವ ಕಾಲ, ನಮ್ಮ ತದ್ವಿರುದ್ಧ. ಆಗ ಮಧ್ಯ ಚಿಲಿಯ ಕಣಿವೆಗಳಲ್ಲಿ ಮಳೆ ಬಲು ಅಪರೂಪ. ಆಕಾಶ ಸ್ವಚ್ಛ, ಗಾಳಿ ಒಣ. ನೀರು ಬೇಕೆಂದರೆ ಆಂಡೀಸಿನ ಹಿಮ ಕರಗಿ ಹರಿದು ಬರುವ ಕಾಲುವೆಗಳಿವೆ. ಬೋರ್ಡೋದಲ್ಲಿ ಹೂ ಉದುರಿಸಿ ಬೈಗುಳ ತಿಂದ ಬಳ್ಳಿ ಇಲ್ಲಿ ಗೊಂಚಲು ಗೊಂಚಲಾಗಿ ಕಾಯಿತು! ಅದೇ ಬಳ್ಳಿ, ಅದೇ ಬೇರು, ಅದೇ ಹೂ. ಬದಲಾದದ್ದು ಮಳೆ ಬರುವ ತಿಂಗಳು.

ಆದರೆ ಯಾರಿಗೂ ಅದು ಯಾರೆಂದು ತಿಳಿಯಲಿಲ್ಲ. ಎಲೆ ಮೆರ್ಲೋ ಎಲೆಯ ಹಾಗೇ, ಹಣ್ಣು ಮೆರ್ಲೋ ಹಣ್ಣಿನ ಹಾಗೇ. ಒಂದೇ ತೋಟ, ಒಂದೇ ಸಾಲು, ಒಂದೇ ಹೆಸರು. ಎಲ್ಲವೂ ಮೆರ್ಲೋ. ಕೆಲವರು ಅದನ್ನು ಪೆಯುಮೊ ಕಣಿವೆಯ ಹೆಸರು ಸೇರಿಸಿ ಬೇರೊಂದು ಬಗೆಯ ಮೆರ್ಲೋ ಅಂತ ಕರೆಯುತ್ತಿದ್ದರು. ಅಷ್ಟೇ ಗುರುತು.

ಒಬ್ಬಳ ಅಳತೆಯಲ್ಲಿ ಇನ್ನೊಬ್ಬಳು

ಇಲ್ಲಿಂದ ಮುಂದಿನದು ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ನಾಟಿದ ಭಾಗ. ಮೆರ್ಲೋ ಬೇಗ ಹಣ್ಣಾಗುವ ಜಾತಿ. ಕಾರ್ಮೆನೇರ್ ನಿಧಾನ, ಅದಕ್ಕಿಂತ ಮೂರು ನಾಲ್ಕು ವಾರ ತಡ. ತೋಟದವರು ಮೆರ್ಲೋ ಹಣ್ಣಾಯಿತು ಅಂತ ಮಾರ್ಚಿ ತಿಂಗಳಲ್ಲೇ ಎಲ್ಲವನ್ನೂ ಒಟ್ಟಿಗೆ ಕೊಯ್ಯುತ್ತಿದ್ದರು. ಬಣ್ಣ ಬಂದಿತ್ತು, ಒಳಗೆ ಇನ್ನೂ ದೋರೆ. ಹಾಗೆ ಕೊಯ್ದ ಹಣ್ಣಿನ ವೈನಿಗೆ ಒಂದು ಹಸಿ ವಾಸನೆ.

ಎಂಥ ವಾಸನೆ ಗೊತ್ತೇ? ದೊಣ್ಣೆ ಮೆಣಸಿನಕಾಯಿ ಹೆಚ್ಚಿದಾಗ ಅಡುಗೆಮನೆ ತುಂಬ ಹರಡುತ್ತದಲ್ಲ, ಸಾಕ್ಷಾತ್ ಅದೇ. ಹೋಲಿಕೆಗೆ ಹೇಳಿದ್ದಲ್ಲ. ದೊಣ್ಣೆ ಮೆಣಸಿನಕಾಯಿಯಲ್ಲಿರುವ ಪೈರಜೀನ್ ಜಾತಿಯ ವಸ್ತುವೇ ಈ ದ್ರಾಕ್ಷಿಯಲ್ಲೂ ಇದೆ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಕೆಲವೇ ಪಾಲು ಒಂದು ಲೀಟರ್ ನೀರಿನಲ್ಲಿದ್ದರೂ ನಮ್ಮ ಮೂಗಿಗೆ ತಿಳಿಯುತ್ತದಂತೆ. ಹಣ್ಣು ಬಲಿಯುತ್ತಾ ಬಿಸಿಲು ತಾಗಿದ ಹಾಗೆ ಅದು ಕರಗುತ್ತದೆ. ಕಾರ್ಮೆನೇರಿನಲ್ಲಿ ಹುಟ್ಟಿನಿಂದಲೇ ಜಾಸ್ತಿ, ಕರಗಲು ಕಾಲ ಬೇಕು. ಆ ಕಾಲವನ್ನೇ ಕೊಡುತ್ತಿರಲಿಲ್ಲ.

1980ರ ದಶಕದ ಕೊನೆಗೆ ಚಿಲಿಯ ವೈನ್ ಹೊರದೇಶಗಳಿಗೆ ಹೋಗತೊಡಗಿತು. ಚಿಲಿಯ ಮೆರ್ಲೋ ಕುಡಿದವರು, ಇದೇನು ಹಸಿ ಹಸಿ, ಇನ್ನೆಲ್ಲಿಯ ಮೆರ್ಲೋ ಹೀಗಿಲ್ಲವಲ್ಲ ಅನ್ನುತ್ತಿದ್ದರು. ಕೆಲವರಿಗೆ ಆ ಮಸಾಲೆಯ ಘಮ ಹಿಡಿಸಿತು, ಕೆಲವರು ಮೂಗು ಮುರಿದರು. ಹೊಸದಾಗಿ ಬಂದ ಸೊಸೆಯನ್ನು ವಾರಗಿತ್ತಿಯ ಅಳತೆಯಲ್ಲಿ ಅಳೆದ ಹಾಗಾಯಿತು. ಅವಳು ಎಂಟು ಗಂಟೆಗೆ ಅಡುಗೆ ಮುಗಿಸುತ್ತಾಳೆ, ಇವಳಿಗೇನು ದಾಡಿ? ಇವಳು ರುಬ್ಬುವುದು ಬೇರೆ, ಬೇಯಿಸುವುದು ಬೇರೆ ಅಂತ ಅತ್ತೆಗೆ ಯಾರು ಹೇಳಬೇಕು!

ಹೀಗೆ ನೋಡಿದರೆ ಆ ಎರವಲು ಹೆಸರು ಅದನ್ನು ಕಾಪಾಡಿದ್ದೂ ಉಂಟು, ಕೆಡಿಸಿದ್ದೂ ಉಂಟು. ಕಾರ್ಮೆನೇರ್ ಅಂತ ಗೊತ್ತಿದ್ದಿದ್ದರೆ, ಫ್ರಾನ್ಸಿನವರೇ ಬಿಟ್ಟ ಜಾತಿ ನಮಗೇಕೆ ಅಂತ ಚಿಲಿಯವರೂ ಕಿತ್ತು ಹಾಕುತ್ತಿದ್ದರೋ ಏನೋ. ಮೆರ್ಲೋ ಎಂಬ ಹೆಸರಿನ ಮರೆಯಲ್ಲಿ ಉಳಿಯಿತು. ಆದರೆ ಅದೇ ಹೆಸರಿನ ದೆಸೆಯಿಂದ ಒಂದು ವರ್ಷವೂ ತಾನು ಹಣ್ಣಾಗುವ ಹೊತ್ತಿಗೆ ಕೊಯ್ಲು ಕಾಣಲಿಲ್ಲ.

ನವೆಂಬರ್ 24

1994ರ ನವೆಂಬರ್ ತಿಂಗಳು. ದ್ರಾಕ್ಷಿಯ ಬಗೆಗಿನ ಒಂದು ಸಮ್ಮೇಳನಕ್ಕಾಗಿ ಫ್ರಾನ್ಸಿನಿಂದ ಚಿಲಿಗೆ ಜಾನ್ ಮಿಶೆಲ್ ಬೂರ್ಸಿಕೋ ಎಂಬ ವಿಜ್ಞಾನಿ ಬಂದಿದ್ದರು. ಮೋಂಪೆಲ್ಯೇ ನಗರದ ಕೃಷಿ ವಿದ್ಯಾಲಯದವರು. ಎಲೆ, ಚಿಗುರು, ಹೂ ನೋಡಿ ದ್ರಾಕ್ಷಿಯ ಜಾತಿ ಹೇಳುವುದೇ ಅವರ ವಿದ್ಯೆ. ಆ ವಿದ್ಯೆಯ ಗುರುಗಳೆನಿಸಿದ ಪಿಯೆರ್ ಗಾಲೆಯವರ ಶಿಷ್ಯರು. ನಮ್ಮ ಹಳ್ಳಿಯ ಅಜ್ಜಿಯರು ಎಲೆ ಮೂಸಿ ಇದು ಯಾವ ಸೊಪ್ಪು ಅಂತ ಹೇಳುವುದಿಲ್ಲವೇ, ಅದನ್ನೇ ಶಾಸ್ತ್ರವಾಗಿ ಓದಿದವರು ಅಂದುಕೊಳ್ಳಿ.

ನವೆಂಬರ್ 24ರಂದು ರಾಜಧಾನಿ ಸಾಂಟಿಯಾಗೋದ ಹತ್ತಿರ, ಮೈಪೋ ಕಣಿವೆಯ ವಿನ್ಯಾ ಕಾರ್ಮೆನ್ ಎಂಬ ಹಳೆಯ ಸಂಸ್ಥೆಯ ತೋಟಕ್ಕೆ ಅವರನ್ನು ಕರೆದುಕೊಂಡು ಹೋದರು. ಬಳ್ಳಿಗಳು ಹೂ ಬಿಟ್ಟಿದ್ದ ಕಾಲ. ಮೆರ್ಲೋ ಎಂದು ತೋರಿಸಿದ ಸಾಲಿನ ಮುಂದೆ ನಿಂತು ಅವರು ಹೂಗಳನ್ನು ನೋಡಿದರು. ಮೆರ್ಲೋ ಹೂವಿನ ಕೇಸರಗಳು ನೆಟ್ಟಗಿರುತ್ತವೆ. ಇಲ್ಲಿ ಅವು ತಿರುಚಿಕೊಂಡಿದ್ದವು. ಇದು ಮೆರ್ಲೋ ಅಲ್ಲ, ಕಾರ್ಮೆನೇರ್ ಅಂದರು. ಸತ್ತಿತೆಂದು ಪುಸ್ತಕದಲ್ಲಿ ಬರೆದಿಟ್ಟದ್ದು ಸಾಲು ಸಾಲಾಗಿ ಹೂ ಬಿಟ್ಟು ನಿಂತಿತ್ತು. ತೋಟದ ಸಂಸ್ಥೆಯ ಹೆಸರು ಕಾರ್ಮೆನ್, ಸಿಕ್ಕಿದವಳು ಕಾರ್ಮೆನೇರ್. ಇದು ಬರೀ ಕಾಕತಾಳೀಯ. ಕಾದಂಬರಿಯಲ್ಲಿ ಬರೆದಿದ್ದರೆ ನಾವು ನಂಬುತ್ತಿರಲಿಲ್ಲ.

ಕೇಳಿದವರೆಲ್ಲ ಕುಣಿದಾಡಿದರು ಅಂದುಕೊಳ್ಳಬೇಡಿ. ಮೆರ್ಲೋ ಅಂತ ಚೀಟಿ ಅಂಟಿಸಿ ಹಡಗುಗಟ್ಟಲೆ ಕಳಿಸುತ್ತಿರುವಾಗ, ಒಳಗಿರುವುದು ಬೇರೆ ಅಂದರೆ ಗತಿ ಏನು? ಯಾರೂ ಹೆಸರು ಕೇಳಿಲ್ಲದ ದ್ರಾಕ್ಷಿಯನ್ನು ಕೊಳ್ಳುವವರು ಯಾರು? ಅನೇಕರು ಸುಮ್ಮನಿದ್ದು ಹಳೆಯ ಹೆಸರಿನಲ್ಲೇ ಮುಂದುವರಿಸಿದರು. ವಿನ್ಯಾ ಕಾರ್ಮೆನ್ ಮಾತ್ರ 1996ರಲ್ಲಿ ಈ ವೈನನ್ನು ಬೇರೆಯಾಗಿ ಮಾರುಕಟ್ಟೆಗೆ ತಂದಿತು. ಅದನ್ನು ಮಾಡಿದವರು ಆಲ್ವಾರೋ ಎಸ್ಪಿನೋಜಾ. ಆಗಲೂ ಕಾರ್ಮೆನೇರ್ ಎಂದು ಬರೆಯುವ ಹಾಗಿರಲಿಲ್ಲ, ಸರ್ಕಾರದ ಪಟ್ಟಿಯಲ್ಲಿ ಆ ಹೆಸರೇ ಇರಲಿಲ್ಲ. ಬೋರ್ಡೋದಲ್ಲಿ ಅದಕ್ಕಿದ್ದ ಇನ್ನೊಂದು ಹಳೆಯ ಹೆಸರು, ಗ್ರಾಂಡ್ ವಿದ್ಯೂರ್, ಅದನ್ನು ಹಾಕಿದರು. ಕೆಲವು ವರ್ಷ ಕಳೆದ ಮೇಲೆ ಸ್ವಂತ ಹೆಸರಿಗೇ ಸರ್ಕಾರದ ಒಪ್ಪಿಗೆ ಸಿಕ್ಕಿತು.

ಆಮೇಲೆ ನಿಜವಾದ ಕೆಲಸ ಶುರುವಾಯಿತು. ಬೆರೆತು ಹೋದ ತೋಟಗಳಲ್ಲಿ ಬಳ್ಳಿ ಬಳ್ಳಿಯನ್ನೂ ನೋಡಿ ಗುರುತು ಹಾಕಿ ಬೇರೆ ಮಾಡುವುದು. ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ. ಎಳೆ ಎಲೆಯ ಅಡಿಭಾಗ ನೋಡಬೇಕು. ಮೆರ್ಲೋದಲ್ಲಿ ಬೆಳ್ಳಗಿರುತ್ತದೆ, ಕಾರ್ಮೆನೇರಿನಲ್ಲಿ ಕೆಂಪು ಛಾಯೆ. ಎಲೆ ಉದುರುವ ಕಾಲದಲ್ಲಂತೂ ಆ ಕುಂಕುಮದ ಬಣ್ಣವೇ ಹೇಳಿಬಿಡುತ್ತದೆ. ನೂರನಲವತ್ತು ವರ್ಷ ಪ್ರತಿ ಸುಗ್ಗಿಯಲ್ಲೂ ಅದು ಕೆಂಪಾಗಿ ನಿಂತೇ ಇತ್ತು, ನೋಡಿ!

ಬೇರೆ ಮಾಡಿದ ಮೇಲೆ ಅದರ ಪಾಡಿಗೆ ಅದನ್ನು ಬಿಟ್ಟರು. ಮಾರ್ಚಿಯಲ್ಲಿ ಮೆರ್ಲೋ ಕೊಯ್ದು ಇದನ್ನು ಏಪ್ರಿಲ್ ಕೊನೆ, ಮೇ ತಿಂಗಳವರೆಗೂ ಕಾಯತೊಡಗಿದರು. ಗೊಂಚಲಿಗೆ ಬಿಸಿಲು ತಾಗಲಿ ಅಂತ ಅಡ್ಡವಿದ್ದ ಎಲೆ ಕಿತ್ತರು, ನೀರು ಕಡಿಮೆ ಮಾಡಿದರು. ಹಸಿ ಮೆಣಸಿನಕಾಯಿ ವಾಸನೆ ಹೋಗಿ ಕಾಳುಮೆಣಸು, ಕೋಕೋ, ಕಳಿತ ಕಪ್ಪು ಹಣ್ಣಿನ ಘಮ ಬಂತು ಅನ್ನುತ್ತಾರೆ ಬಲ್ಲವರು. ಇಂದು ಚಿಲಿಯಲ್ಲಿ ಸುಮಾರು 10,000 ಹೆಕ್ಟೇರಿನಲ್ಲಿ ಕಾರ್ಮೆನೇರ್ ಬೆಳೆಯುತ್ತಾರೆ. ನವೆಂಬರ್ 24ನ್ನು ಪ್ರತಿ ವರ್ಷ ಕಾರ್ಮೆನೇರ್ ದಿನ ಅಂತ ಆಚರಿಸುತ್ತಾರೆ.

ಅಪ್ಪ ಅಮ್ಮ ಯಾರು?

ಇವರಿಬ್ಬರು ಅಷ್ಟೊಂದು ಹೋಲುವುದು ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ದ್ರಾಕ್ಷಿಯ ಡಿಎನ್‌ಎ ಪರೀಕ್ಷೆಯಲ್ಲಿ ದಾರಿ ತೋರಿದವರಲ್ಲಿ ಒಬ್ಬರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಕ್ಯಾರೋಲ್ ಮೆರೆಡಿತ್ ಎಂಬ ಮಹಿಳೆ. ಜಾನ್ ಬವರ್ಸ್ ಎಂಬ ಸಹೋದ್ಯೋಗಿಯ ಜೊತೆ 1997ರಲ್ಲಿ ಅವರು, ದ್ರಾಕ್ಷಿಗಳ ರಾಜ ಎನಿಸಿದ ಕ್ಯಾಬರ್ನೆ ಸೊವಿನ್ಯೋನ್ ಹುಟ್ಟಿದ್ದು ಕ್ಯಾಬರ್ನೆ ಫ್ರಾಂ ಮತ್ತು ಒಂದು ಬಿಳಿ ದ್ರಾಕ್ಷಿಯಿಂದ ಎಂದು ತೋರಿಸಿ ಎಲ್ಲರನ್ನೂ ಬೆರಗುಗೊಳಿಸಿದರು. ಮುಂದೆ ಅದೇ ದಾರಿಯಲ್ಲಿ ಹುಡುಕಿದಾಗ ಮೆರ್ಲೋ, ಕಾರ್ಮೆನೇರ್ ಎರಡಕ್ಕೂ ಹೆತ್ತವರಲ್ಲಿ ಒಂದು ಕ್ಯಾಬರ್ನೆ ಫ್ರಾಂ ಎಂದು ತಿಳಿಯಿತು. ಅಂದರೆ ಒಂದು ಕಡೆಯಿಂದ ಒಡಹುಟ್ಟಿದವರು! ಕಾರ್ಮೆನೇರಿನ ಇನ್ನೊಂದು ಹಿರಿಯ ಗ್ರೋ ಕ್ಯಾಬರ್ನೆ ಎಂಬ ಹಳೆಯ ಬಳ್ಳಿ.

ಮೆರ್ಲೋವಿನ ತಾಯಿಯ ಕಥೆ ಇನ್ನೂ ಚೆಂದ. ಅದಕ್ಕೆ ಯಾವ ಪುಸ್ತಕದಲ್ಲೂ ಹೆಸರೇ ಇರಲಿಲ್ಲ. ಬ್ರಿಟನಿ ಪ್ರಾಂತ್ಯದಲ್ಲಿ ಪಾಳು ಬಿದ್ದ ಒಂದು ಬಳ್ಳಿ, ಶಾರಾಂತ್ ಪ್ರಾಂತ್ಯದ ನಾಲ್ಕು ಹಳ್ಳಿಗಳಲ್ಲಿ ಮನೆ ಬಾಗಿಲಿಗೆ ಹಬ್ಬಿಸಿದ ಬಳ್ಳಿ, ಇಷ್ಟೇ ಸಿಕ್ಕದ್ದು. ನಮ್ಮಲ್ಲಿ ಮಲ್ಲಿಗೆ ಚಪ್ಪರ ಹಾಕುವ ಹಾಗೆ ಅಲಂಕಾರಕ್ಕೆ ಬೆಳೆಸಿದ್ದು. ಜುಲೈ 22ರ ಮಾಗ್ದಲೇನಳ ಹಬ್ಬದ ಹೊತ್ತಿಗೆ ಹಣ್ಣಾಗುವುದರಿಂದ ಹಳ್ಳಿಯವರು ಅದನ್ನು ಮಾದ್ಲೇನ್ ದ್ರಾಕ್ಷಿ ಅನ್ನುತ್ತಿದ್ದರು. ಜಗತ್ಪ್ರಸಿದ್ಧ ಮೆರ್ಲೋವಿನ ತಾಯಿ ಯಾರದೋ ಹೊಸಿಲ ಬಳಿ ನೆರಳು ಕೊಡುತ್ತಾ ನಿಂತಿದ್ದಳು. ಮಗಳು ಬೇಗ ಹಣ್ಣಾಗುವುದು ತಾಯಿಯ ಕಡೆಯಿಂದಲೇ ಬಂದದ್ದಿರಬೇಕು.

ಕಾರ್ಮೆನೇರ್ ಅಡಗಿದ್ದುದು ಚಿಲಿಯೊಂದರಲ್ಲೇ ಅಲ್ಲ. ಇಟಲಿಯ ಈಶಾನ್ಯದಲ್ಲಿ ಬಹುಕಾಲದಿಂದ ಕ್ಯಾಬರ್ನೆ ಫ್ರಾಂ ಅಂತ ಬೆಳೆಯುತ್ತಿದ್ದ ಬಳ್ಳಿಗಳಲ್ಲಿ ಎಷ್ಟೋ ಇದೇ ಎಂದು 1990ರ ದಶಕದಲ್ಲಿ ಗೊತ್ತಾಯಿತು. ಅಲ್ಲಿ ಹೆತ್ತವರ ಹೆಸರು, ಇಲ್ಲಿ ಒಡಹುಟ್ಟಿದವಳ ಹೆಸರು! ಚೀನಾದಲ್ಲಿ 1892ರಲ್ಲಿ ಯಾಂತಾಯ್ ಎಂಬ ಊರಿನಲ್ಲಿ ಚಾಂಗ್‌ಯು ಎಂಬ ವೈನ್ ಕಾರ್ಖಾನೆ ಶುರುವಾಗಿ, ಯುರೋಪಿನಿಂದ ಬಳ್ಳಿಗಳನ್ನು ತರಿಸಿತ್ತು. ಅಲ್ಲಿ ಬೆಳೆದು ಬಂದ ಕ್ಯಾಬರ್ನೆ ಗೆರ್ನಿಶ್ಟ್ ಎಂಬ ಜಾತಿಯೂ ಕಾರ್ಮೆನೇರೇ ಅಂತ ಡಿಎನ್‌ಎ ಪರೀಕ್ಷೆ ಹೇಳಿದೆ. ಚೀನೀ ಭಾಷೆಯಲ್ಲಿ ಅದಕ್ಕೆ ಇಟ್ಟ ಹೆಸರಿನ ಅರ್ಥ ಹಾವು, ಡ್ರ್ಯಾಗನ್, ಮುತ್ತು! ನಾಲ್ಕು ದೇಶ, ನಾಲ್ಕು ಹೆಸರು.

ಚಿಲಿಯವರ ಊಟದ ಮೇಜು

ಅಡುಗೆಯ ಮಾತಿಲ್ಲದೆ ನಮ್ಮ ಪುಟ ತುಂಬುವುದು ಹೇಗೆ! ಚಿಲಿಯವರು ಈ ವೈನನ್ನು ಜೋಳದ ಅಡುಗೆಯ ಜೊತೆ ಇಟ್ಟುಕೊಳ್ಳುತ್ತಾರೆ. ಎಳೆ ಮುಸುಕಿನ ಜೋಳ ರುಬ್ಬಿ, ಕೆಳಗೆ ಈರುಳ್ಳಿ ಮಾಂಸದ ಪಲ್ಯ ಹರಡಿ, ಮಣ್ಣಿನ ಬಟ್ಟಲಲ್ಲಿ ಬೇಯಿಸುವ ಪಾಸ್ತೆಲ್ ದೆ ಚೋಕ್ಲೋ ಅವರ ಬೇಸಗೆಯ ಹಬ್ಬದೂಟ. ಮಾಂಸ ತಿನ್ನದವರಿಗೆ ಅದರ ತಂಗಿ ಊಮಿತಾ ಇದೆ. ಮಾಡಿ ನೋಡಿ, ವೈನಿನ ಹಂಗಿಲ್ಲದೆ ನಮ್ಮ ಸಂಜೆಯ ಕಾಫಿಗೂ ಹೊಂದುತ್ತದೆ. ಆರು ಎಳೆ ಜೋಳದ ತೆನೆಗಳ ಸಿಪ್ಪೆ ಹರಿಯದಂತೆ ಬಿಡಿಸಿ ತೆಗೆದಿಡಿ. ಕಾಳನ್ನು ತುರಿದು ಅಥವಾ ತರಿತರಿಯಾಗಿ ರುಬ್ಬಿ. ದೊಡ್ಡ ಈರುಳ್ಳಿ ಒಂದನ್ನು ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ಬಾಡಿಸಿ, ಉಪ್ಪು, ಒಂದು ಹಸಿಮೆಣಸಿನಕಾಯಿ, ನಾಲ್ಕು ಕಾಮಕಸ್ತೂರಿ ಎಲೆ ಸೇರಿಸಿ ಜೋಳಕ್ಕೆ ಕಲಸಿ. ಎರಡು ಸಿಪ್ಪೆ ಜೋಡಿಸಿ ಎರಡು ಚಮಚ ಹಿಟ್ಟಿಟ್ಟು ಮಡಚಿ, ಸಿಪ್ಪೆಯದೇ ದಾರದಿಂದ ಕಟ್ಟಿ. ಅವರು ಕುದಿಯುವ ನೀರಿಗೆ ಹಾಕುತ್ತಾರೆ, ನಾವು ಇಡ್ಲಿ ಪಾತ್ರೆಯಲ್ಲಿ ಅರ್ಧ ಗಂಟೆ ಹಬೆಯಲ್ಲಿಟ್ಟರೂ ಸರಿ. ಅರಿಸಿನದೆಲೆಯ ಕಡುಬು ಮಾಡಿ ಗೊತ್ತಿದ್ದವರಿಗೆ ಇದೇನು ಮಹಾ!

ಇನ್ನು ಬೋರ್ಡೋದ ವಿಷಯ. ಬಿಟ್ಟವಳನ್ನು ಈಗ ಅವರು ಮತ್ತೆ ನೆನೆಯತೊಡಗಿದ್ದಾರೆ. ಭೂಮಿಯ ಕಾವು ಏರುತ್ತಿರುವುದರಿಂದ ಮೆರ್ಲೋ ಅಲ್ಲಿ ಅತಿ ಬೇಗ ಹಣ್ಣಾಗಿ ಸಕ್ಕರೆ ಹೆಚ್ಚುತ್ತಿದೆ. ನಿಧಾನವಾಗಿ ಹಣ್ಣಾಗುವ ಜಾತಿ ಇದ್ದರೆ ಚೆನ್ನಿತ್ತು ಅಂತ ತೋಟದವರಿಗೆ ಅನ್ನಿಸಿದೆ. ಪೋಯಾಕ್ ಊರಿನ ಶಾಟೋ ಕ್ಲೇರ್ ಮಿಲೋನ್ ಎಂಬ ಹೆಸರಾಂತ ತೋಟದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಕಾರ್ಮೆನೇರ್ ಇದೆ. ಇನ್ನೂ ಕೆಲವರು ಅಲ್ಲೊಂದು ಸಾಲು ಇಲ್ಲೊಂದು ಸಾಲು ನೆಟ್ಟಿದ್ದಾರೆ. ಎಲ್ಲ ಸೇರಿದರೂ ಚಿಲಿಯ ಮುಂದೆ ಅದು ಹಿತ್ತಿಲಿನಷ್ಟು. ಹೂ ಬಿಡುವ ಹೊತ್ತಿಗೆ ಅಟ್ಲಾಂಟಿಕ್ ಕಡೆಯ ಮಳೆ ಬಂದ ವರ್ಷ ಅಲ್ಲಿ ಈಗಲೂ ಅದರ ಹೂ ಉದುರುತ್ತದೆ.